ಕ್ಲಚ್ ಇಲ್ಲದ ವರ್ಷಗಳು

ನಾನು ಜೀವನದಲ್ಲಿ ಓಡಿಸಿದ್ದು ಒಂದೇ ಒಂದು ಗಾಡಿ. ಬಿಳಿ ಬಣ್ಣದ ಪಿಕಪ್, ಹಿಂದೆ ಸಾಮಾನು ಹೇರಲು ತೆರೆದ ಜಾಗ, ಮುಂದೆ ಎತ್ತರದ ಕ್ಯಾಬಿನ್. ಅದು ಆಟೋಮ್ಯಾಟಿಕ್. ಅಂದರೆ ಗೇರು ತಾನಾಗಿ ಬದಲಾಗುತ್ತದೆ, ಎಡಗಾಲಿಗೆ ಕೆಲಸವೇ ಇಲ್ಲ. ಒಂದು ಮಳೆಗಾಲದಲ್ಲಿ ಅದರ ಗೇರ್‌ಬಾಕ್ಸ್ ಕೆಟ್ಟಿತು, ಅದನ್ನು ತೆಗೆದು ಮ್ಯಾನುವಲ್ ಗೇರ್‌ಬಾಕ್ಸ್ ಕೂರಿಸಿದರು, ಎಡಗಾಲಿನ ಹತ್ತಿರ ಕ್ಲಚ್ ಬಂತು, ನಾನು ಇಳಿದೆ. ಮತ್ತೆ ಓಡಿಸಲಿಲ್ಲ. ಇದನ್ನು ಹೇಳಿಕೊಂಡು ಕೊರಗಿದರೆ ನನ್ನ ಮಗಳು, "ಮಮ್ಮೀ, ಇತ್ನೀ ಸೀ ಬಾತ್?" ಎನ್ನುತ್ತಾಳೆ. ಅವಳು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲೇ ಉತ್ತರ. ಹೌದು, ಇಷ್ಟೇ ಮಾತು. ಆದರೆ ಇಷ್ಟೇ ಮಾತನ್ನು ನನಗೆ ಈಗಲೂ ಮರೆಯಲಾಗುವುದಿಲ್ಲ, ಏನು ಮಾಡಲಿ.

ನಮ್ಮದು ಇಡ್ಲಿ ದೋಸೆ ಹಿಟ್ಟಿನ ವ್ಯಾಪಾರ. ನಮ್ಮವರು ಚಿಕ್ಕಂದಿನಲ್ಲೇ ಉಡುಪಿ ಕಡೆಯಿಂದ ಬಂದು ಠಾಣೆ ಶಹರದಲ್ಲಿ ಸಂಬಂಧಿಕರ ಹೋಟೆಲಿನ ಗಲ್ಲೆಯ ಮೇಲೆ ದುಡ್ಡು ಎಣಿಸುತ್ತ ಕೂತವರು. ಅಲ್ಲೇ ಕೂತು ತಲೆ ಬೆಳ್ಳಗೆ ಮಾಡಿಕೊಂಡರು. ಹೋಟೆಲು ಬೇರೆಯವರ ಕೈಗೆ ಹೋದ ಮೇಲೆ ಡೊಂಬಿವಲಿಯ ಎಂಐಡಿಸಿ ಎಂಬ ಕಾರ್ಖಾನೆ ಪ್ರದೇಶದ ಹತ್ತಿರ ಒಂದು ಶೆಡ್ ಹಿಡಿದು ಗ್ರೈಂಡರುಗಳನ್ನು ಹಾಕಿದೆವು. ರುಬ್ಬುವುದು, ಹುದುಗು ಬರಿಸುವುದು ನನ್ನ ಪಾಲು. ಮಾರುವುದು ಅವರ ಪಾಲು. ನವಿ ಮುಂಬೈ ಕಡೆ ಮಹಾಪೆಯ ಕಂಪನಿ ಕ್ಯಾಂಟೀನುಗಳು, ಸಾನಪಾಡಾದ ಅಂಗಡಿಗಳು, ಬೇಲಾಪುರದಲ್ಲಿ ಒಂದು ಆಫೀಸಿನ ಕ್ಯಾಂಟೀನು, ಎಲ್ಲ ಕಡೆಗೂ ಬೆಳಗ್ಗೆ ಆಫೀಸು ತೆರೆಯುವ ಮೊದಲು ಹಿಟ್ಟಿನ ಕ್ಯಾನುಗಳು ಹೋಗಬೇಕು. ಅದಕ್ಕೆ ಗಾಡಿ ಬೇಕು.

ಆಗ ನಮ್ಮವರಿಗೆ ಈ ಪಿಕಪ್ ಸಿಕ್ಕಿತು. ಉಳವೆ ಕಡೆ ಕೆಲಸ ಮುಗಿಸಿದ ಒಬ್ಬ ಕಂತ್ರಾಟುದಾರ ಅಗ್ಗದಲ್ಲಿ ಮಾರುತ್ತಿದ್ದ. ಅಗ್ಗ ಏಕೆಂದು ನಮ್ಮವರು ಕೇಳಲಿಲ್ಲ. ಕೇಳುವ ಜಾತಿಯೇ ಅಲ್ಲ ಅವರದು. ಗಾಡಿ ಮನೆಗೆ ಬಂದ ಮೇಲೆ ಗೊತ್ತಾಯಿತು, ಆಟೋಮ್ಯಾಟಿಕ್ ಪಿಕಪ್ ಎಂದರೆ ನಮ್ಮ ಕಡೆಯ ಡ್ರೈವರುಗಳು ದೂರದಿಂದಲೇ ಕೈಮುಗಿಯುತ್ತಾರೆ ಎಂದು. ಮೊದಲು ಇಟ್ಟುಕೊಂಡ ಡ್ರೈವರ್ ಜೀವಮಾನವಿಡೀ ಟೆಂಪೋ ಓಡಿಸಿದವನು. ಸಿಗ್ನಲ್ ಬಂದಾಗ ಅಭ್ಯಾಸಬಲದಿಂದ ಎಡಗಾಲನ್ನು ಎತ್ತಿ ಕ್ಲಚ್ ಎಂದುಕೊಂಡು ಒತ್ತಿದ. ಅಲ್ಲಿದ್ದದ್ದು ಅಗಲವಾದ ಬ್ರೇಕು. ಗಾಡಿ ನಿಂತಲ್ಲೇ ನಿಂತಿತು, ಹಿಂದಿದ್ದ ಕ್ಯಾನುಗಳು ಮಾತ್ರ ಮುಂದೆ ಬಂದವು. ಮಾನಪಾಡಾ ರಸ್ತೆಯಲ್ಲಿ ನಮ್ಮ ದೋಸೆಹಿಟ್ಟು ಹರಿದದ್ದನ್ನು ನೋಡಿದವರು ಇನ್ನೂ ಇದ್ದಾರೆ. ಎರಡನೆಯವನೂ ಹಾಗೇ ಮಾಡಿದ, ಮೇಲಿಂದ "ಯೇ ತೋ ಲೇಡೀಸ್ ಗಾಡೀ ಹೈ, ಸೇಠ್" ಎಂದು ಹೇಳಿ ಚಾವಿ ಕೊಟ್ಟು ಹೋದ.

ನಮ್ಮವರಿಗೆ ಒಂದು ಕಣ್ಣು ಮೊದಲಿನಿಂದಲೂ ಮಂದ. ಲೈಸೆನ್ಸ್ ಕನಸಿನ ಮಾತು. ಮಗಳು ಆಗ ಕಾಲೇಜು. ಉಳಿದವಳು ನಾನು. ನನ್ನಲ್ಲಿ ಲೈಸೆನ್ಸ್ ಇತ್ತು ಎಂಬುದೇ ಒಂದು ತಮಾಷೆ. ಮದುವೆಯಾದ ಹೊಸತರಲ್ಲಿ ಕಲ್ಯಾಣದ ಒಂದು ಡ್ರೈವಿಂಗ್ ಕ್ಲಾಸಿಗೆ ಹೋಗಿ ತೆಗೆದದ್ದು. ಆ ಮಾಸ್ತರರ ಬದಿಯಲ್ಲೂ ಒಂದು ಕ್ಲಚ್, ಒಂದು ಬ್ರೇಕು ಇತ್ತು. ನಾನು ಸ್ಟಿಯರಿಂಗ್ ಹಿಡಿದು ದೇವರನ್ನು ನೆನೆಯುತ್ತಿದ್ದೆ, ಗಾಡಿಯನ್ನು ಅವರ ಕಾಲುಗಳು ನಡೆಸುತ್ತಿದ್ದವು. ಕ್ಲಚ್ ಎಂಬುದು ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂದು ನನಗೆ ಅಂದೂ ತಿಳಿಯಲಿಲ್ಲ. ಲೈಸೆನ್ಸ್ ಮಾತ್ರ ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿ ಭದ್ರವಾಗಿತ್ತು, ನವೀಕರಣವೂ ಆಗುತ್ತಿತ್ತು.

ಒಂದು ಭಾನುವಾರ ಎಂಐಡಿಸಿಯ ಖಾಲಿ ರಸ್ತೆಯಲ್ಲಿ ಸುಮ್ಮನೆ ಕೂತು ನೋಡಿದೆ. ಗಾಡಿ ತಂದುಕೊಟ್ಟವನು ಒಂದು ಮಾತು ಹೇಳಿ ಹೋಗಿದ್ದ, ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡು ಮರೆತುಬಿಡಿ ಎಂದು. ಮರೆತೆ. ಬ್ರೇಕಿನಿಂದ ಬಲಗಾಲು ತೆಗೆದೆ. ಗಾಡಿ ತಾನಾಗಿ, ಮೆಲ್ಲಗೆ, ಮುಂದೆ ಹೋಯಿತು. ಆ ಕ್ಷಣಕ್ಕೆ ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಇಷ್ಟು ದೊಡ್ಡ ಕಬ್ಬಿಣದ ಪ್ರಾಣಿ ನನ್ನ ಮಾತು ಕೇಳುತ್ತಿತ್ತು. ಮನೆಯಲ್ಲಿ ಮಿಕ್ಸಿ ಕೂಡ ಕೇಳುತ್ತಿರಲಿಲ್ಲ.

ಮಳೆ ಬರಲಿ, ಬಿಸಿಲಿರಲಿ, ಕೆಲವು ವರ್ಷ ನಾನೇ ಓಡಿಸಿದೆ. ಬೆಳಕು ಹರಿಯುವ ಹೊತ್ತಿಗೆ ಶೆಡ್ಡಿನಿಂದ ಹೊರಟು ಕಾಟೈ ನಾಕಾ, ಶಿಳ್ ಫಾಟಾ, ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ಮಹಾಪೆ. ರಸ್ತೆ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಕಲ್ಯಾಣ ಶಿಳ್ ರಸ್ತೆಯಲ್ಲಿ ಗಾಡಿಗಳು ಓಡುವುದಿಲ್ಲ, ತೆವಳುತ್ತವೆ. ಪಕ್ಕದ ಟೆಂಪೋದವರು ಕ್ಲಚ್ ಒತ್ತಿ ಒತ್ತಿ ಬೈದುಕೊಳ್ಳುತ್ತಿದ್ದರು. ನಾನು ಬಲಗಾಲನ್ನು ಎತ್ತುವುದು, ಇಡುವುದು, ಅಷ್ಟೇ. ನಡುವೆ ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿಯುತ್ತಿದ್ದೆ, ಎಲ್ಲರಿಗಿಂತ ಎತ್ತರದಲ್ಲಿ ಕೂತು ರಿಕ್ಷಾಗಳ ತಲೆ ನೋಡುತ್ತಿದ್ದೆ. ಮೊದಲು ಡೊಂಬಿವಲಿಯ ಬೆಳಗಿನ ಲೋಕಲ್ ಟ್ರೇನಿನಲ್ಲಿ ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಜೋತು ಹೋಗಿ ಬಂದವಳು ನಾನು. ಆ ನೂಕಾಟದಲ್ಲಿ ಕಾಲು ಕೆಳಗಿಡಲು ಜಾಗ ಸಿಕ್ಕರೆ ಪುಣ್ಯ. ಇಲ್ಲಿ ಎಡಗಾಲಿಗೇ ಒಂದು ಖಾಲಿ ಜಾಗವಿತ್ತು, ಚಪ್ಪಲಿ ಕಳಚಿ ಅದನ್ನು ಹಾಯಾಗಿ ಚಾಚುತ್ತಿದ್ದೆ.

ಮಳೆಗಾಲದಲ್ಲಿ ಪಾರಸಿಕ್ ಗುಡ್ಡದ ಮೇಲಿನಿಂದ ಸಣ್ಣ ಸಣ್ಣ ನೀರಿನ ಗೆರೆಗಳು ಇಳಿಯುತ್ತವೆ. ಕ್ಯಾನುಗಳನ್ನೆಲ್ಲ ಇಳಿಸಿ ಬೇಲಾಪುರದಿಂದ ಹಿಂದೆ ಬರುವಾಗ ಒಂದೊಂದು ದಿನ ಗಾಡಿಯನ್ನು ಬದಿಗೆ ಹಾಕಿ ಅದನ್ನು ನೋಡುತ್ತಿದ್ದೆ. ಹಾರ್ಬರ್ ಲೈನಿನ ಟ್ರೇನಿನಿಂದ ಇಳಿದು ಆಫೀಸಿಗೆ ಓಡುವ ಜನ ಒಂದು ಕಡೆ, ಗಾಜು ಏರಿಸಿಕೊಂಡು ಕೂತ ನಾನು ಒಂದು ಕಡೆ. ಯಾರೂ ನನ್ನನ್ನು ಕರೆಯುವುದಿಲ್ಲ, ಯಾರಿಗೂ ಚಹಾ ಬೇಡ, ಯಾವ ಗ್ರೈಂಡರಿನ ಬೆಲ್ಟೂ ತುಂಡಾಗುವುದಿಲ್ಲ. ಹೆಣ್ಣುಮಕ್ಕಳಿಗೆ ಮಾತ್ರ ತಿಳಿಯುವ ಸುಖ ಇದು. ಒಬ್ಬಳೇ ಕೂತು ಗಟ್ಟಿಯಾಗಿ ಹಾಡುತ್ತಿದ್ದೆ. ನನ್ನ ಸ್ವರ ಚೆನ್ನಾಗಿಲ್ಲ, ಗಾಡಿ ಅದನ್ನು ಯಾರಿಗೂ ಹೇಳಲಿಲ್ಲ.

ಇಷ್ಟು ಸುಖವಾಗಿದ್ದೆನಲ್ಲ, ಮನೆಗೆ ಬಂದು ಏನು ಹೇಳುತ್ತಿದ್ದೆ ಗೊತ್ತೇ? "ಅಯ್ಯೋ, ಸೊಂಟ ಬಿದ್ದು ಹೋಯ್ತು. ಯಾರಿಗೆ ಬೇಕಿತ್ತು ಈ ಗಾಡಿ. ನನ್ನ ಹಣೆಬರಹ." ದಿನವೂ ಇದೇ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಶುರು.

ಇದನ್ನು ನಮ್ಮ ಕಡೆಯವರಲ್ಲದವರಿಗೆ ಅರ್ಥ ಮಾಡಿಸುವುದು ಕಷ್ಟ. ನನ್ನ ಅಮ್ಮ ಊರಿನಲ್ಲಿ ಮಲ್ಲಿಗೆ ಗಿಡ ಬೆಳೆಸುತ್ತಿದ್ದಳು. ಬುಟ್ಟಿ ತುಂಬ ಮೊಗ್ಗು ಕೊಯ್ದು ಕೂತಿರುವಾಗಲೇ ಯಾರಾದರೂ, ಈ ಸಲ ಹೂ ಹೇಗೆ ಎಂದು ಕೇಳಿದರೆ, "ಎಂತ ಹೂವು, ಹುಳ ಹಿಡಿದು ಹೋಗಿದೆ" ಎನ್ನುತ್ತಿದ್ದಳು. ಕೋಳಿ ಚೆನ್ನಾಗಿ ಮೊಟ್ಟೆ ಇಡುತ್ತಿದ್ದರೆ, ಒಂದೂ ಇಡುವುದಿಲ್ಲ ಎನ್ನಬೇಕು. ಮಗು ಗುಂಡುಗುಂಡಾಗಿದ್ದರೆ, ಒಣಗಿ ಹೋಗಿದೆ ಎನ್ನಬೇಕು. ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದರೆ ಕಣ್ಣು ಬೀಳುತ್ತದೆ, ಇದ್ದದ್ದು ಹೋಗುತ್ತದೆ. ಹೋಟೆಲಿನವರೂ ಬೇರೆಯಲ್ಲ. ಠಾಣೆಯ ಆ ಹೋಟೆಲಿನಲ್ಲಿ ಟೇಬಲ್ಲುಗಳು ತುಂಬಿ, ಹೊರಗೆ ಜನ ಕಾಯುತ್ತಿರುವಾಗ, ಧಂಧಾ ಹೇಗೆ ಎಂದು ಯಾರಾದರೂ ಕೇಳಿದರೆ ನಮ್ಮವರೇ, "ಎಂತದೂ ಇಲ್ಲ, ಹೀಗೇ ದಿನ ಹೋಗ್ತದೆ" ಎಂದು ಮುಖ ಸಣ್ಣ ಮಾಡುತ್ತಿದ್ದರು. ಅದು ಸುಳ್ಳು ಹೇಳಿದ ಹಾಗೆ ನಮಗೆ ಅನಿಸುವುದಿಲ್ಲ. ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟ ಹಾಗೆ, ಅಷ್ಟೇ.

ಗಾಡಿಯ ವಿಷಯದಲ್ಲಿ ನಾನು ಇಟ್ಟ ಬೊಟ್ಟು ಸ್ವಲ್ಪ ದೊಡ್ಡದೇ ಆಯಿತು. ಏಕೆಂದರೆ ನನಗೆ ಹೆದರಿಕೆಯಿತ್ತು. ಅಷ್ಟು ವಯಸ್ಸಿನ ಮೇಲೆ, ಯಾರೂ ಕೊಡದೆ, ನಾನು ಕೇಳದೆ ಕೈಗೆ ಬಂದ ಸುಖ ಅದು. ಯಾರಾದರೂ ನೋಡಿದರೆ ಕಿತ್ತುಕೊಳ್ಳುತ್ತಾರೆ ಎಂದು ಅನಿಸುತ್ತಿತ್ತು. ಇಲ್ಲಿನ ನಮ್ಮ ಊರವರ ಸಂಘದ ಪೂಜೆಗೆ ಹೋದಾಗ ಹೆಂಗಸರು ಸುತ್ತ ನಿಂತು, "ಅಬ್ಬ, ನೀವು ಗಾಡಿ ಬಿಡ್ತೀರಂತೆ!" ಎಂದು ಕಣ್ಣರಳಿಸಿದರೆ, "ಎಂತ ಮಾಡುವುದು ಮಾರಾಯ್ತಿ, ಡ್ರೈವರ್ ಸಿಗುವುದಿಲ್ಲ, ಕರ್ಮ" ಎಂದು ನಿಟ್ಟುಸಿರು ಬಿಡುತ್ತಿದ್ದೆ. ಅವರಿಗೆಲ್ಲ ಅದು ಅರ್ಥವಾಗುತ್ತಿತ್ತು. ಅವರೂ ಅದೇ ಶಾಲೆಯವರು. ಅರ್ಥವಾಗದೆ ಹೋದದ್ದು ಒಬ್ಬರಿಗೆ.

ನಮ್ಮವರು ಗಲ್ಲೆಯ ಮನುಷ್ಯ. ಗಿರಾಕಿ ಹೇಳಿದ್ದೇ ಆರ್ಡರ್. ಸಕ್ಕರೆ ಬೇಡ ಎಂದರೆ ಸಕ್ಕರೆ ಬೇಡ, ಅವನ ಮನಸ್ಸಿನಲ್ಲಿ ಏನಿತ್ತು ಎಂದು ಯೋಚಿಸುತ್ತ ಕೂತರೆ ಹೋಟೆಲು ನಡೆಯುವುದಿಲ್ಲ. ತಾನು ದಿನಾ ಹೇಳುವ ಮಾತನ್ನೇ ಹೆಂಡತಿಯೂ ಹೇಳುತ್ತಿರಬಹುದು ಎಂದು ಅವರಿಗೆ ಒಂದು ದಿನವೂ ಹೊಳೆಯಲಿಲ್ಲ. ನಾನು ಸೊಂಟ ಎಂದರೆ ಎಣ್ಣೆ ಬಿಸಿ ಮಾಡಿ ತರುತ್ತಿದ್ದರು. ನಾನು ಹಚ್ಚಿಕೊಳ್ಳುತ್ತಿದ್ದೆ. ಎಣ್ಣೆ ಹಚ್ಚಿಕೊಳ್ಳದಿದ್ದರೆ ಸುಳ್ಳು ಸಿಕ್ಕಿಬೀಳುತ್ತದಲ್ಲ!

ಠಾಣೆಯಲ್ಲಿ ಒಂದು ಮದುವೆಯ ಊಟ. ಅವರ ದೊಡ್ಡಮ್ಮನ ಮಗ ಎಲೆಯ ಮುಂದೆ ಕೂತು, ಎಲ್ಲರಿಗೂ ಕೇಳುವ ಹಾಗೆ, "ಎಂತ ಮಾರಾಯ, ಈ ಪ್ರಾಯದಲ್ಲಿ ಹೆಂಡತಿ ಕೈಲಿ ಟೆಂಪೋ ಬಿಡಿಸ್ತಿದ್ದಿ?" ಎಂದ. ನಮ್ಮವರು ಪಾಯಸ ಮುಟ್ಟಲಿಲ್ಲ. ನಾನು ಆಗಲಾದರೂ, ಟೆಂಪೋ ಅಲ್ಲ ಪಿಕಪ್, ಬಿಡಿಸುವುದಲ್ಲ ನಾನೇ ಬಿಡುವುದು, ನಿಮಗೇನು ಹೊಟ್ಟೆನೋವು ಎಂದು ಕೇಳಬೇಕಿತ್ತು. ನನ್ನ ನಾಲಿಗೆ ಬೇರೆ ಎಲ್ಲ ಕಡೆ ಕತ್ತರಿಯ ಹಾಗೆ ಆಡುತ್ತದೆ. ಅಲ್ಲಿ ನಕ್ಕು ಸುಮ್ಮನಾದೆ. ಎಷ್ಟು ಜನರ ಕಣ್ಣು ನನ್ನ ಮೇಲಿದೆ ಎಂಬುದೇ ಆಗ ತಲೆಯಲ್ಲಿದ್ದದ್ದು.

ಆ ವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕಾಟೈ ನಾಕಾ ಹತ್ತಿರ ರಸ್ತೆಯೇ ಹೊಳೆಯಾಗಿತ್ತು. ಕ್ಯಾಂಟೀನಿನವರು ಕಾಯುತ್ತಾರೆ ಎಂದು ನೀರಿಗೆ ಇಳಿಸಿದೆ. ಬಾಗಿಲಿನ ತನಕ ನೀರು. ದಾಟಿದೆ, ಹಿಟ್ಟನ್ನು ತಲುಪಿಸಿಯೂ ಬಿಟ್ಟೆ. ಹಿಂದೆ ಬರುವಾಗ ಮಹಾಪೆಯ ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಹಿಂದೆ ಲಾರಿಗಳ ಹಾರ್ನು. ಫೋನ್ ಮಾಡಿ ನಮ್ಮವರನ್ನು ಕರೆಸಿದೆ, ಕ್ರೇನಿನಲ್ಲಿ ಎಳೆಸಿ ಮಹಾಪೆಯ ಕೈಗಾರಿಕಾ ಪ್ರದೇಶದೊಳಗಿನ ಒಂದು ಗ್ಯಾರೇಜಿಗೆ ಹಾಕಿದೆವು. ಮೇಸ್ತ್ರಿ ಕೆಳಗಿನಿಂದ ಸ್ವಲ್ಪ ಎಣ್ಣೆ ಇಳಿಸಿ ತೋರಿಸಿದ. ಕೆಂಪಗಿರಬೇಕಾದ ಗೇರ್‌ಬಾಕ್ಸಿನ ಎಣ್ಣೆ ಗುಲಾಬಿ ಮಿಲ್ಕ್‌ಶೇಕಿನ ಹಾಗೆ ನೊರೆ ನೊರೆಯಾಗಿತ್ತು. "ಪಾನೀ ಘುಸ್ ಗಯಾ, ಆಂಟೀ" ಎಂದ. ಒಳಗೆ ನೀರು ಹೊಕ್ಕಿತ್ತು. ನಾನು ಬಸ್ಸು ಹತ್ತಿ ಶೆಡ್ಡಿಗೆ ಬಂದೆ, ಮರುದಿನದ ಹಿಟ್ಟು ರುಬ್ಬಬೇಕಿತ್ತು. ಮಾತಾಡಲು ನಮ್ಮವರು ಅಲ್ಲೇ ಉಳಿದರು.

ಸಂಜೆ ಬಂದವರು ಕೈಕಾಲು ತೊಳೆದು ಕೂತು ಹೇಳಿದರು, "ಗೇರ್‌ಬಾಕ್ಸ್ ಮುಗೀತು. ಮ್ಯಾನುವಲ್ ಹಾಕ್ಸುವುದು. ಶಿಳ್ ಫಾಟಾದ ಗುಜರಿ ಅಂಗಡಿಯಲ್ಲಿ ಇದೇ ಮಾಡೆಲಿಂದು ಆಕ್ಸಿಡೆಂಟ್ ಆದ ಗಾಡಿ ಉಂಟಂತೆ, ಅದರದ್ದು ಸಿಗ್ತದೆ." ಮುಖ ಒರೆಸಿಕೊಂಡು, "ನಿಂಗೂ ಸಾಕಾಗಿತ್ತಲ್ಲ, ಇನ್ನು ಡ್ರೈವರ್ ಇಡುವ" ಎಂದರು.

ಇನ್ನು ಗಾಡಿ ನನ್ನದಲ್ಲ ಎಂದು ತಿಳಿಯಿತು. ಬಾಯಿ ಮಾತ್ರ, "ಒಳ್ಳೇದೇ ಆಯ್ತು, ಪೀಡೆ ಹೋಯ್ತು" ಎಂದಿತು. ಅವರ ಮುಖದಲ್ಲಿ ನೆಮ್ಮದಿ ಕಂಡಿತು. ಎದ್ದು ಹೋಗಿ ಒಗ್ಗರಣೆ ಹಾಕಿದೆ.

ಕೆಲಸ ಒಂದು ವಾರದ್ದು ಎಂದಿದ್ದ ಮೇಸ್ತ್ರಿ. ಒಂದು ತಿಂಗಳಿಗೆ ಎಳೆಯಿತು. ಅದು ಒಂದನ್ನು ಬಿಚ್ಚಿ ಇನ್ನೊಂದನ್ನು ಸಿಕ್ಕಿಸುವ ಕೆಲಸವಲ್ಲ. ಒಂದು ಮಧ್ಯಾಹ್ನ ಸಾನಪಾಡಾದ ಅಂಗಡಿಗೆ ಹೋದವಳು ಗ್ಯಾರೇಜಿಗೂ ಹೋದೆ, ನಮ್ಮವರು ಅಲ್ಲೇ ಇದ್ದರು. ಹಳೆಯ ಗೇರ್‌ಬಾಕ್ಸ್ ನೆಲದ ಮೇಲೆ ಗೋಣಿಯ ಮೇಲೆ ಬಿದ್ದಿತ್ತು. ಅದರ ಮುಂದಿದ್ದ, ಮುಚ್ಚಳ ಹಾಕಿದ ತಪ್ಪಲೆಯಂಥ ಗುಂಡು ಭಾಗವನ್ನು ತೋರಿಸಿ ಮೇಸ್ತ್ರಿ, ಕ್ಲಚ್ಚಿನ ಕೆಲಸವನ್ನು ಇಷ್ಟು ದಿನ ಇದೇ ಮಾಡುತ್ತಿದ್ದದ್ದು ಎಂದ. ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ರಾಡ್ ಹೊಸ ಬಾಕ್ಸಿಗೆ ಕೂರುತ್ತಿರಲಿಲ್ಲ, ಅದನ್ನು ಕತ್ತರಿಸಿ ಬೆಸೆಯಲು ತುರ್ಭೆಗೆ ಕಳಿಸಿದ್ದರು. ಗೇರಿನ ಕೋಲು ಮೇಲೆ ಬರಲು ಕ್ಯಾಬಿನ್ನಿನ ನೆಲವನ್ನು ಕೊಯ್ಯುತ್ತಿದ್ದರು. ನಾನು ಚಪ್ಪಲಿ ಕಳಚಿ ಎಡಗಾಲು ಚಾಚುತ್ತಿದ್ದ ಜಾಗದಲ್ಲಿ ಕಬ್ಬಿಣದ ಒಂದು ಹೊಸ ಪೆಡಲ್ ತೂಗುತ್ತಿತ್ತು. ಅದನ್ನು ನೋಡಿ ನನಗೆ ಅಳುವೇ ಬಂತು. ಮೇಸ್ತ್ರಿ, "ಆಂಟೀ, ಅಬ್ ಆಪ್ ಕೈಸೇ ಚಲಾಓಗೇ?" ಎಂದು, ಇನ್ನು ಹೇಗೆ ಓಡಿಸುತ್ತೀರೆಂದು ಕೇಳಿದ. ನನಗಿಂತ ಮೊದಲು ನಮ್ಮವರು, "ಅಬ್ ಆರಾಮ್ ಕರೇಗೀ" ಎಂದು ಹೆಮ್ಮೆಯಿಂದ ಹೇಳಿದರು. ನಾನು ಹಲ್ಲು ಕಿರಿದೆ.

ಎಲ್ಲ ಕೂರಿಸಿದ ಮೇಲೂ ಎಂಜಿನ್ ಚಾಲೂ ಆಗಲಿಲ್ಲ. ಗಾಡಿಯೊಳಗಿನ ಕಂಪ್ಯೂಟರಿಗೆ ಹಳೆಯ ಬಾಕ್ಸೇ ಬೇಕು. ಗೇರು ಪಾರ್ಕಿಂಗಿನಲ್ಲಿದೆ ಎಂದು ಆ ಬಾಕ್ಸು ತಿಳಿಸದೆ ಚಾಲೂ ಮಾಡುವುದಿಲ್ಲ ಎಂದು ಹಟ ಹಿಡಿಯಿತು. ನನ್ನ ಪರವಾಗಿ ಅಷ್ಟಾದರೂ ಹಟ ಮಾಡಿದ್ದು ಅದೊಂದೇ. ವೈರಿಂಗಿನವನು ಬಂದು ಎರಡು ತಂತಿ ಸೇರಿಸಿ ಅದನ್ನೂ ಮೋಸ ಮಾಡಿದ. ಅಷ್ಟರಲ್ಲಿ ಶ್ರಾವಣ ಕಳೆದು ಗಣಪತಿ ಬಂದಿತ್ತು. ಅಷ್ಟು ದಿನ ಹಿಟ್ಟು ಒಯ್ದ ಬಾಡಿಗೆ ಟೆಂಪೋದವನು ನಮ್ಮನ್ನು ಚೆನ್ನಾಗಿ ಸುಲಿದ.

ಗಾಡಿ ಮನೆಗೆ ಬಂದ ಮೇಲೆ, ಒಂದು ಭಾನುವಾರ, ತಮಾಷೆಗೆ ಎಂಬ ಹಾಗೆ, "ಎಲ್ಲಿ, ನೋಡುವ" ಎಂದು ಹತ್ತಿ ಕೂತೆ. ಅದೇ ಎಂಐಡಿಸಿ ರಸ್ತೆ. ನಮ್ಮವರು ಪಕ್ಕದಲ್ಲಿ. ಮನಸ್ಸಿನೊಳಗೆ ನಾನು ತಮಾಷೆ ಮಾಡುತ್ತಿರಲಿಲ್ಲ. ಕಲಿತೇ ಬಿಡುತ್ತೇನೆ ಎಂದುಕೊಂಡಿದ್ದೆ. ಆದರೆ ನನ್ನ ಎಡಗಾಲಿಗೆ ಮರೆತುಬಿಡು ಎಂದು ಹೇಳಿದ್ದೆನಲ್ಲ, ಅದು ಚೆನ್ನಾಗಿ ಮರೆತಿತ್ತು. ಬೇಗ ಬಿಟ್ಟರೆ ಗಾಡಿ ಜಿಗಿದು ಸಾಯುತ್ತದೆ, ನಿಧಾನ ಬಿಟ್ಟರೆ ಸುಟ್ಟ ವಾಸನೆ. ಹಿಂದೆ ರಿಕ್ಷಾದವನೊಬ್ಬ ಬಂದು ಹಾರ್ನ್ ಹೊಡೆದು, ತಲೆ ಹೊರಗೆ ಹಾಕಿ ಏನೋ ಅಂದ. ಇನ್ನು ನಾಲ್ಕು ಭಾನುವಾರ ಸಿಕ್ಕಿದ್ದರೆ ಬರುತ್ತಿತ್ತೇನೋ. ನಮ್ಮವರು ನನ್ನ ಕೈಮೇಲೆ ಕೈಯಿಟ್ಟು, "ಬಿಡು ಮಾರಾಯ್ತಿ, ಯಾಕೆ ಕಷ್ಟಪಡ್ತಿ?" ಎಂದರು. ಅಷ್ಟು ಪ್ರೀತಿಯಿಂದ ಹೇಳಿದಾಗ, ನನಗೆ ಈ ಕಷ್ಟ ಬೇಕು ಎಂದು ಹೇಗೆ ಹೇಳುವುದು? "ಹೌದಪ್ಪ, ಯಾರಿಗೆ ಬೇಕು" ಎಂದು ಇಳಿದೆ.

ಹೊಸ ಡ್ರೈವರ್ ಒಳ್ಳೆಯವನು. ಹಿಟ್ಟು ಒಂದು ಹನಿ ಚೆಲ್ಲಲಿಲ್ಲ. ವ್ಯಾಪಾರ ಬೆಳೆಯಿತು ಎಂದು ಬೇಕಾದರೆ ಈಗ ಹೇಳಬಹುದು. ನಾನು ಗ್ರೈಂಡರಿನ ಮುಂದೆ ಕೂತೆ. ಒಮ್ಮೆ ಬೇಲಾಪುರಕ್ಕೆ ಲೆಕ್ಕ ಮಾತಾಡಲು ಅವನ ಪಕ್ಕದಲ್ಲಿ ಕೂತು ಹೋದೆ. ಸಿಗ್ನಲ್ ಬಂದಾಗಲೆಲ್ಲ ನನ್ನ ಬಲಗಾಲು ಸುಮ್ಮನೆ ನೆಲವನ್ನು ಒತ್ತುತ್ತಿತ್ತು. ಅವನು ನೋಡಿ ನಕ್ಕ. ಲೆಕ್ಕ ಮಾತಾಡಲು ಮತ್ತೆ ಅವನ ಜೊತೆ ಹೋಗಲಿಲ್ಲ, ಬಸ್ಸು ಹಿಡಿದೆ.

ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ನನ್ನ ಹತ್ತಿರ ಒಂದೇ ಒಂದು ಮಾತಿತ್ತು. ಗೇರ್‌ಬಾಕ್ಸ್ ಸತ್ತಿತು, ಬೇರೆ ದಾರಿಯಿರಲಿಲ್ಲ. ಕಾಟೈ ನಾಕಾದ ಗಟಾರಕ್ಕೆ, ಅದನ್ನು ಕಟ್ಟಿದವರಿಗೆ, ಆ ಬೆಳಗಿನ ಮಳೆಗೆ, ನೀರಿಗೆ ಇಳಿಸಿದ ನನ್ನ ಬುದ್ಧಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ಯಾರನ್ನೋ ಬೈಯಲು ಸಿಕ್ಕರೆ ದುಃಖ ಸ್ವಲ್ಪ ಹಗುರವಾಗುತ್ತದೆ.

ಈ ವರ್ಷ ನಮ್ಮ ಕೈಲಾಗುವುದಿಲ್ಲ ಎಂದು ದೂರದ ಸಪ್ಲೈ ನಿಲ್ಲಿಸಿದೆವು. ಡೊಂಬಿವಲಿಯ ಅಂಗಡಿಗಳಿಗೆ ಒಂದು ರಿಕ್ಷಾ ಸಾಕು. ಪಿಕಪ್ಪನ್ನು ಮಾರಿದೆವು. ತೆಗೆದುಕೊಂಡವರು ಕಲ್ಯಾಣದ ಗಂಡಹೆಂಡತಿ, ಅಲ್ಲಿನ ಹೂವಿನ ಮಾರ್ಕೆಟ್ಟಿನಲ್ಲಿ ವ್ಯಾಪಾರ. ಗಾಡಿಯನ್ನು ಅವರ ಮನೆಗೆ ತಲುಪಿಸಲು ಡ್ರೈವರ್ ಜೊತೆ ನಾವಿಬ್ಬರೂ ಹೋದೆವು. ಚಾವಿ ಕೊಟ್ಟ ಕೂಡಲೇ ಹತ್ತಿ ಕೂತದ್ದು ಗಂಡನಲ್ಲ, ಹೆಂಡತಿ. ಮೂವತ್ತರ ಆಸುಪಾಸಿನ ಹುಡುಗಿ, ಓಢಣಿಯನ್ನು ಸೊಂಟಕ್ಕೆ ಬಿಗಿದು, ಕ್ಲಚ್ ಒತ್ತಿ, ಗಲ್ಲಿಯಲ್ಲಿ ಹಿಂದೆಮುಂದೆ ಮಾಡಿ ಆರಾಮವಾಗಿ ನಿಲ್ಲಿಸಿದಳು. ಆಮೇಲೆ ಮೀಟರಿನ ಗಾಜಿನೊಳಗೆ ಇನ್ನೂ ಮಿಣುಕುತ್ತಿದ್ದ, ಪಾರ್ಕಿಂಗ್ ಗೇರಿನ ಹಳೆಯ ಅಕ್ಷರವನ್ನು ನೋಡಿ, ಇದು ಮೊದಲು ಆಟೋಮ್ಯಾಟಿಕ್ ಇತ್ತೇ ಎಂದು ಕೇಳಿದಳು. ನಮ್ಮವರು ಹೌದೆಂದು, ನನ್ನ ಕಡೆ ತೋರಿಸಿ, ಆಗ ಇವಳೇ ಓಡಿಸುತ್ತಿದ್ದಳು ಎಂದರು.

ಅವಳು ಬಾಗಿಲಿನಿಂದ ಅರ್ಧ ಹೊರಗೆ ಬಾಗಿ, "ಸಚ್ಚೀ, ಕಾಕೂ? ಕೈಸಾ ಲಗ್ತಾ ಥಾ?" ಎಂದು, ಹೇಗನಿಸುತ್ತಿತ್ತೆಂದು ಕೇಳಿದಳು.

ನನಗೇನಾಯಿತೋ ಗೊತ್ತಿಲ್ಲ. ಕನ್ನಡದಲ್ಲಿ ಕೇಳಿದ್ದರೆ ಬಾಯಿ ತಾನಾಗಿ ಹಳೆಯ ಮಾತನ್ನೇ ಹೇಳುತ್ತಿತ್ತು. ಹಿಂದಿಯಲ್ಲಿ ನನಗೆ ಅಮ್ಮ ಇರಲಿಲ್ಲ, ಮಲ್ಲಿಗೆ ಗಿಡ ಇರಲಿಲ್ಲ. "ಬಹುತ್ ಅಚ್ಛಾ ಲಗ್ತಾ ಥಾ, ಬೇಟಾ" ಎಂದೆ. "ಇತ್ನಾ ಖುಶ್ ಮೈಂ ಕಭೀ ನಹೀಂ ಥೀ." ಅಷ್ಟು ಸಂತೋಷವಾಗಿ ನಾನು ಎಂದೂ ಇರಲಿಲ್ಲ ಎಂದು ಕೊನೆಗೂ ಬಾಯಿಬಿಟ್ಟು ಹೇಳಿದ್ದೆ. ಅವಳು ಕೆಳಗಿಳಿದು ನನ್ನ ಕೈ ಹಿಡಿದುಕೊಂಡಳು. ನಮ್ಮವರು ನನ್ನ ಹಿಂದೆಯೇ ನಿಂತಿದ್ದರು.

ಡ್ರೈವರನಿಗೆ ಕಲ್ಯಾಣದಲ್ಲೇ ಯಾರದೋ ಮನೆ, ಅವನು ಅತ್ತ ಹೋದ. ನಾವು ಸ್ಟೇಷನ್ನಿಗೆ ನಡೆದೆವು. ಮಧ್ಯಾಹ್ನದ ಹೊತ್ತು, ಪ್ಲಾಟ್‌ಫಾರ್ಮಿನಲ್ಲಿ ಬೆಂಚು ಖಾಲಿಯಿತ್ತು. ಡೊಂಬಿವಲಿಗೆ ನಡುವೆ ಠಾಕುರ್ಲಿ ಒಂದೇ ಸ್ಟೇಷನ್, ಯಾವ ಸ್ಲೋ ಲೋಕಲ್ ಬಂದರೂ ಆಗುತ್ತಿತ್ತು. ಅವರು ಕೈಯಲ್ಲಿದ್ದ ಖಾಲಿ ಚೀಲವನ್ನು ಮಡಚುತ್ತ, ಬಿಚ್ಚುತ್ತ ಕೂತರು.

"ಆ ಗೇರ್‌ಬಾಕ್ಸ್ ರಿಪೇರಿ ಆಗ್ತಿತ್ತು" ಎಂದರು.

ನಾನು ತಿರುಗಿ ನೋಡಿದೆ.

"ಮೇಸ್ತ್ರಿ ಹೇಳಿದ್ದ. ಒಳಗಿನ ಪ್ಲೇಟಿನ ಕಿಟ್ ಹೊರಗಿಂದ ತರಿಸ್ಬೇಕು, ಒಂದು ತಿಂಗಳು ಕಾಯ್ಬೇಕು, ಮೊದ್ಲಿನ ಹಾಗೇ ಆಗ್ತದೆ ಅಂತ. ನಾನೇ ಬೇಡ ಅಂದೆ. ಮ್ಯಾನುವಲ್ ಆದ್ರೆ ಯಾವ ಡ್ರೈವರ್ ಬೇಕಾದ್ರೂ ಸಿಗ್ತಾನೆ, ನಿನ್ನನ್ನು ಮತ್ತೆ ಅದಕ್ಕೆ ಹತ್ತಿಸುವುದೇ ಬೇಡ ಅಂತ. ದಿನಾ ಸೊಂಟ ಸೊಂಟ ಅಂತಿದ್ದಿಯಲ್ಲ."

ಆ ತಿಂಗಳು ಹೇಗೂ ಕಾದಿದ್ದೆವು. ರಾಡ್ ಬೆಸೆಯಲು, ನೆಲ ಕೊಯ್ಯಲು, ತಂತಿ ಸೇರಿಸಲು ಅಷ್ಟೇ ದಿನ ಹೋಗಿತ್ತು. ಇಷ್ಟು ವರ್ಷ ನಾನು ಬೈದ ಗಟಾರದ ತಪ್ಪೇನೂ ಇರಲಿಲ್ಲ. ಈ ಮನುಷ್ಯನ ಮೇಲೆ ಸಿಟ್ಟು ಮಾಡೋಣವೆಂದರೆ, ಅವರು ಮಾಡಿದ್ದು ನಾನು ಹೇಳಿದ್ದನ್ನೇ.

"ನಂಗೆ ಸೊಂಟನೋವು ಯಾವತ್ತೂ ಇರ್ಲಿಲ್ಲ" ಎಂದೆ.

"ಮತ್ತೆ?"

"ಖುಷಿ ಉಂಟು ಅಂತ ಹೇಳಿದ್ರೆ ಹೋಗ್ತದೆ ಅಂತ ಹೆದರಿಕೆ."

ಅವರು ಚೀಲವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಹೇಳದೆಯೂ ಹೋಯ್ತಲ್ಲ ಮಾರಾಯ್ತಿ" ಎಂದರು.

ಅವರ ಮಾತಿನಲ್ಲಿ ಸ್ವಲ್ಪವೂ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಲೋಕಲ್ ಬಂತು, ನಿಂತಿತು, ಹೋಯಿತು. ನಾನು ಕಲ್ಯಾಣ ಸ್ಟೇಷನ್ನಿನ ಬೆಂಚಿನ ಮೇಲೆ, ಹೋಗಿ ಬರುವವರ ಎದುರಿಗೇ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ.